ಮಾಗಿಯ ಅಂಗಳ: ಹೂಗಿಡ, ದೀಪ, ರಂಗೋಲಿಗೆ ಸೆಪ್ಟೆಂಬರ್‌ನಿಂದಲೇ ತಯಾರಿ

ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಆಚೆಗೆ ತಾಳವಾಡಿ. ತಮಿಳುನಾಡಿನ ಗಡಿಯ ಈ ಎತ್ತರದ ಊರುಗಳಲ್ಲಿ ಡಿಸೆಂಬರ್ ಕೊನೆಗೆ ಬೆಳಗಿನ ಜಾವ 12ರಿಂದ 15 ಡಿಗ್ರಿಗೆ ಇಳಿಯುತ್ತದೆ, ಮಧ್ಯಾಹ್ನ ಮತ್ತೆ 26ರ ಆಸುಪಾಸಿಗೆ ಏರುತ್ತದೆ. ಈ ಚಳಿ ಗಿಡಕ್ಕೆ ಹಿತವೇ. ಕಾಟ ಕೊಡುವುದು ಅಕ್ಟೋಬರ್–ನವೆಂಬರ್‌ನ ಹಿಂಗಾರು ಮಳೆ, ಬೆಳಗ್ಗೆ ಒಂಬತ್ತಾದರೂ ಎಲೆ ಬಿಡದ ಇಬ್ಬನಿ. ಇವೆರಡರ ಜೊತೆಗೆ ಹಗಲು ಕುಗ್ಗುತ್ತದೆ. ಡಿಸೆಂಬರ್ 22ರ ಸುಮಾರಿಗೆ ಇಲ್ಲಿನ ಹಗಲು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಸೇವಂತಿಗೆ ಅರಳುವುದು, ಪಾಯಿನ್‌ಸೆಟಿಯಾ ಕೆಂಪಾಗುವುದು, ಅವರೆ ಹೂ ಬಿಡುವುದು ಎಲ್ಲವೂ ಈ ಉದ್ದನೆಯ ಕತ್ತಲೆಯ ಲೆಕ್ಕದಲ್ಲಿ.

ಹೂಗಿಡದ ಕೆಲಸ ಒಬ್ಬರದು, ದೀಪದ ಸರ ಕಟ್ಟುವ ಕೆಲಸ ಇನ್ನೊಬ್ಬರದು ಎಂದು ಮನೆಯಲ್ಲಿ ಹಂಚಿಕೊಂಡಾಗ ತೊಂದರೆ ಶುರುವಾಗುವುದು ಇಲ್ಲೇ. ದೀಪದ ಕೆಳಗೆ ಸೇವಂತಿಗೆ, ಕಾಂಪೌಂಡ್ ಲೈಟಿನ ಪಕ್ಕ ಪಾಯಿನ್‌ಸೆಟಿಯಾ, ರಂಗೋಲಿ ಗುಡಿಸಿ ಹಾಕುವ ಜಾಗದಲ್ಲಿ ಪೆಟೂನಿಯಾ. ಆಮೇಲೆ ನರ್ಸರಿಯವರು ಕೆಟ್ಟ ಸಸಿ ಕೊಟ್ಟರು ಎಂಬ ದೂರು. ಸೆಪ್ಟೆಂಬರ್ ನಡುವಿನಲ್ಲಿ ಒಂದು ಸಂಜೆ ಕತ್ತಲಾದ ಮೇಲೆ ಅಂಗಳದಲ್ಲಿ ಸುತ್ತಾಡಿ, ಬೀದಿದೀಪದ ಬೆಳಕು ಎಲ್ಲಿವರೆಗೆ ಬರುತ್ತದೆ, ಯಾವ ಮೂಲೆ ಪೂರ್ತಿ ಕತ್ತಲು, ಎಲ್ಲಿ ನೀರು ನಿಂತಿದೆ ಎಂದು ನೋಡಿ ಒಂದು ಚೀಟಿಯಲ್ಲಿ ಗೀಚಿಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಆ ಚೀಟಿ ಬೇಕು.

ಯಾವ ದಿನಕ್ಕೆ ಹೂ ಬೇಕು?

ಅದನ್ನು ಮೊದಲು ತೀರ್ಮಾನಿಸಿ ಹಿಂದಕ್ಕೆ ಎಣಿಸಿ. ಬೀಜ ಹಾಕಿದ ದಿನದಿಂದ ಮೊದಲ ಹೂವಿಗೆ ನಮ್ಮ ಹವೆಯಲ್ಲಿ ಹಿಡಿಯುವ ಕಾಲ ಸುಮಾರು ಹೀಗಿದೆ. ಗಿಡ್ಡ ಚೆಂಡುಹೂ 45–55 ದಿನ, ದೊಡ್ಡ ಚೆಂಡುಹೂ 60–70. ನಾಸ್ಟರ್ಷಿಯಂ 45–55, ಜಿನ್ನಿಯಾ 50–60, ಫ್ಲಾಕ್ಸ್ 60–70, ಸಾಲ್ವಿಯಾ 70–80, ಪೆಟೂನಿಯಾ 75–90. ಡಯಾಂಥಸ್ ಮತ್ತು ಪ್ಯಾನ್ಸಿಗೆ ಮೂರು ತಿಂಗಳು ಬೇಕೇ ಬೇಕು.

ಕ್ರಿಸ್‌ಮಸ್ ಹೊತ್ತಿಗೆ ಪೆಟೂನಿಯಾ ತುಂಬಿರಬೇಕಾದರೆ ಸೆಪ್ಟೆಂಬರ್ ಕೊನೆಯೊಳಗೆ ಬೀಜ ಬಿದ್ದಿರಬೇಕು. ಸಂಕ್ರಾಂತಿಯ ಚೆಂಡುಹೂವಿಗೆ ನವೆಂಬರ್ ಮೊದಲ ವಾರ ಸಾಕು. ದೀಪಾವಳಿಗೆ ಚೆಂಡುಹೂ ಬೇಕು ಎಂದು ಅಕ್ಟೋಬರ್‌ನಲ್ಲಿ ನೆನಪಾದರೆ ಬೀಜದ ಆಸೆ ಬಿಟ್ಟು ಮೊಗ್ಗು ಬಂದ ಸಸಿ ಕೊಂಡುತನ್ನಿ. ಪ್ಯಾನ್ಸಿ ನಮ್ಮ ಕಡೆಗೆ ಸ್ವಲ್ಪ ದುಬಾರಿ ಶೋಕಿ. ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ, ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಜಗುಲಿ ಇದ್ದವರು ಬೇಕಾದರೆ ಬೆಳೆಸಲಿ.

ಬೀಜ ಹಾಕುವುದು: ಹೆಚ್ಚು ಸಸಿ ಸಾಯುವುದು ಇಲ್ಲೇ

ಹಿಂಗಾರು ಮಳೆ ಹೊಡೆಯುವ ಕಾಲದಲ್ಲಿ ಬಯಲಿನಲ್ಲಿ ಒಟ್ಟುಪಾತಿ (ಸಸಿ ಎಬ್ಬಿಸುವ ಮಡಿ) ಬೇಡ. ಸೂರಿನ ಕೆಳಗೆ ಅಥವಾ ಪ್ಲಾಸ್ಟಿಕ್ ಹಾಳೆ ಕಟ್ಟಿದ ಚಪ್ಪರದಡಿ ಪ್ರೋಟ್ರೇ (ಗುಳಿಗುಳಿಯಾದ ಸಸಿ ಟ್ರೇ) ಇಡಿ. 98 ಗುಳಿಯ ಒಂದು ಟ್ರೇಗೆ ಸುಮಾರು ಒಂದೂಕಾಲು ಕಿಲೋ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಡಿಯುತ್ತದೆ. ಇಟ್ಟಿಗೆಯಂತೆ ಒತ್ತಿದ ಕೊಕೊಪೀಟ್ ತಂದರೆ ನೀರಿನಲ್ಲಿ ನೆನೆಸಿ, ಕಂದು ನೀರು ಹಿಂಡಿ ಚೆಲ್ಲಿ, ಮತ್ತೆರಡು ಸಲ ತೊಳೆಯಿರಿ. ತೊಳೆಯದ ಕೊಕೊಪೀಟ್‌ನಲ್ಲಿ ಉಪ್ಪಿನಂಶ ಉಳಿದು ಸಸಿಯ ಎಲೆಯಂಚು ಸುಡುತ್ತದೆ. ತೊಳೆದ ಮೇಲೆ ನಾಲ್ಕು ಪಾಲು ಕೊಕೊಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ಬೀಜದ ಆಳ ಎಲ್ಲಕ್ಕೂ ಒಂದೇ ಅಲ್ಲ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಮಿಗೆ ಸಾವಿರಾರು. ಅದಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಬಾರದು. ಒಂದು ಚಿಟಿಕೆ ಬೀಜವನ್ನು ಎರಡು ಚಮಚ ಒಣ ಮರಳಿನಲ್ಲಿ ಬೆರೆಸಿ ಉದುರಿಸಿ, ಹನಿ ಸಿಂಪಡಿಸುವ ಬಾಟಲಿಯಿಂದಷ್ಟೇ ನೀರು ಕೊಡಿ. ಪೂವಾಳಿಯಿಂದ (ಗಿಡಕ್ಕೆ ನೀರು ಹಾಕುವ ತೂತುಮೂತಿಯ ಡಬ್ಬಿಯಿಂದ) ಸುರಿದರೆ ಬೀಜವೆಲ್ಲ ಮೂಲೆಗೆ ಕೊಚ್ಚಿಕೊಂಡು ಹೋಗುತ್ತದೆ. ಸಾಲ್ವಿಯಾ ಬೀಜವನ್ನೂ ಮೇಲೆಯೇ ಇಟ್ಟು ಬೆರಳಲ್ಲಿ ಮೆಲ್ಲಗೆ ಒತ್ತಿ. ಫ್ಲಾಕ್ಸ್ ಮತ್ತು ಪ್ಯಾನ್ಸಿಗೆ ಕತ್ತಲೆ ಬೇಕು, ಮೂರ್ನಾಲ್ಕು ಮಿಲಿಮೀಟರ್ ಮುಚ್ಚಿ. ನಾಸ್ಟರ್ಷಿಯಂ ಬೀಜ ಗಟ್ಟಿ, ರಾತ್ರಿಯಿಡೀ ನೆನೆಸಿ, ಬೆಳೆಯುವ ಜಾಗದಲ್ಲೇ ಅರ್ಧ ಇಂಚು ಆಳಕ್ಕೆ ಊರಿ. ಅದಕ್ಕೆ ಗೊಬ್ಬರ ಹಾಕಬೇಡಿ, ಹಾಕಿದರೆ ತಾವರೆಯೆಲೆ ಆಕಾರದ ಎಲೆಯೇ ಹೊರತು ಹೂವಿಲ್ಲ.

ನಾಲ್ಕೈದು ದಿನಕ್ಕೆ ಮೊಳೆತ ಸಸಿ ಒಂದು ಬೆಳಗ್ಗೆ ನೋಡಿದರೆ ಮಲಗಿರುತ್ತದೆ. ಬುಡದಲ್ಲಿ, ಮಣ್ಣಿಗೆ ತಾಗುವ ಕಡೆ, ಕಾಂಡ ನೂಲಿನಂತೆ ಸಣ್ಣಗಾಗಿ ನೀರುನೀರಾಗಿರುತ್ತದೆ. ಇದು ಸಸಿ ಕೊಳೆ ರೋಗ, ಶಿಲೀಂಧ್ರದ ಕೆಲಸ. ದಟ್ಟವಾಗಿ ಬಿತ್ತುವುದು, ಸಂಜೆ ನೀರು ಹಾಕುವುದು, ಟ್ರೇಯನ್ನು ನೆಲಕ್ಕೆ ತಾಗಿಸಿ ಇಡುವುದು ಇದಕ್ಕೆ ಕಾರಣ. ಎರಡು ಇಟ್ಟಿಗೆಯ ಮೇಲೆ ಟ್ರೇ ಎತ್ತರಿಸಿ, ನೀರು ಬೆಳಗ್ಗೆ ಮಾತ್ರ ಕೊಡಿ. ಬಿತ್ತುವ ಮುಂಚೆಯೇ ಒಂದು ಕಿಲೋ ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಬೆರೆಸಿ ಹದ ತೇವದಲ್ಲಿ ಒಂದು ವಾರ ನೆರಳಲ್ಲಿಟ್ಟಿದ್ದರೆ ಅರ್ಧ ಗೆದ್ದಂತೆ. ರೋಗ ಬಂದೇಬಿಟ್ಟರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಬುಡಕ್ಕೆ ಹನಿಸಿ. ಟ್ರೈಕೋಡರ್ಮಾ ಹಾಕಿದ ಕಡೆ ಇದನ್ನು ಸುರಿದರೆ ಅದೂ ಸಾಯುತ್ತದೆ ಎಂಬುದು ನೆನಪಿರಲಿ.

ನಾಲ್ಕರಿಂದ ಆರು ಎಲೆ ಬಂದಾಗ ಸಸಿ ನಾಟಿಗೆ ಸಿದ್ಧ. ಕುಂಡದ ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್, ಹತ್ತಿಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಹತ್ತಿಂಚಿನ ಕುಂಡಕ್ಕೆ ಪೆಟೂನಿಯಾ ಮೂರು, ನೆಲದಲ್ಲಿ ಗಿಡ್ಡ ಚೆಂಡುಹೂ ಒಂಬತ್ತು ಇಂಚಿಗೊಂದು, ದೊಡ್ಡದು ಒಂದೂಕಾಲು ಅಡಿಗೊಂದು. ನಾಟಿ ಸಂಜೆ ಮಾಡಿ. ಹತ್ತು ದಿನ ಕಳೆದ ಮೇಲೆ ಕುಡಿ ಚಿವುಟಿ. ಚಿವುಟಲು ಕೈ ಬಾರದವರ ಅಂಗಳದಲ್ಲಿ ಒಂಟಿಕಾಲಿನ ಉದ್ದ ಗಿಡ, ತುದಿಗೆ ಎರಡು ಹೂ. ಎರಡು ವಾರಕ್ಕೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಲ್ಲಿ ಕರಗುವ ಗೊಬ್ಬರ) ಸಾಕು.

ಮಳೆ ನಿಲ್ಲುವವರೆಗೆ ಶಂಖದ ಹುಳು ಕಾಟ ಇರುತ್ತದೆ. ಆಫ್ರಿಕನ್ ಬಸವನಹುಳು ಒಂದೇ ರಾತ್ರಿಗೆ ಚೆಂಡುಹೂ ಸಾಲು ಮುಗಿಸುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಎಲೆಕೋಸಿನ ಹೊರ ಎಲೆ, ಪರಂಗಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲಿ ಗುಂಪಾಗಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಗಿಡದ ಬುಡಕ್ಕೆ ಉಪ್ಪು ಎರಚಬೇಡಿ.

ಗುಲಾಬಿ

ಗುಲಾಬಿಗೆ ಹೆಸರಾದ ಹೊಸೂರಿನಲ್ಲಿ ಮನೆಯ ಗುಲಾಬಿ ಸೊರಗಿದ್ದರೆ ಕಾರಣ ಹೆಚ್ಚಾಗಿ ಸವರುವ ಸಮಯ. ಸವರಿದ 45–50 ದಿನಕ್ಕೆ ಹೂ. ಕ್ರಿಸ್‌ಮಸ್‌ಗೆ ಬೇಕಾದರೆ ನವೆಂಬರ್ ಮೊದಲ ವಾರ, ಸಂಕ್ರಾಂತಿಗೆ ನವೆಂಬರ್ ಕೊನೆ. ಆದರೆ ಮಳೆಯ ನಡುವೆ ಕತ್ತರಿ ಹಾಕಿದರೆ ಗಾಯದಿಂದ ಕೊಂಬೆ ಕಪ್ಪಾಗಿ ಕೆಳಕ್ಕೆ ಒಣಗುತ್ತಾ ಬರುತ್ತದೆ. ಎರಡು ಮೂರು ದಿನ ಬಿಸಿಲು ಕಾಣುವಾಗಲೇ ಮಾಡಿ. ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ, ಒಳಕ್ಕೆ ಬೆಳೆದದ್ದು, ಒಣಗಿದ್ದು, ಪೆನ್ಸಿಲ್‌ಗಿಂತ ಸಣ್ಣದು ತೆಗೆಯಿರಿ. ಹೊರಮುಖದ ಕಣ್ಣಿನಿಂದ ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ ಪ್ರತಿ ಗಾಯಕ್ಕೂ ಹಚ್ಚಿ. ಕಣ್ಣು ಕಸಿಯ ಗಂಟಿಗಿಂತ ಕೆಳಗಿನಿಂದ ಚಿಗುರಿದ್ದು ಕಾಡುಬೇರಿನದು (ಕಸಿ ಕಟ್ಟಲು ಬಳಸಿದ ಕಾಡು ಗುಲಾಬಿಯದು), ಅದನ್ನು ಬುಡಸಮೇತ ಕಿತ್ತುಹಾಕಿ.

ಡಿಸೆಂಬರ್‌ನಲ್ಲಿ ಚಿಗುರಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಬೂದಿರೋಗ ಬರುತ್ತದೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಸಿಂಪಡಿಸಿ. ಎಲೆಯ ಮೇಲೆ ಪೈಪು ಹಿಡಿದು ನೀರು ಹಾಕುವ ಅಭ್ಯಾಸ ಬಿಟ್ಟರೆ ಕಪ್ಪುಚುಕ್ಕೆ ರೋಗ ತಾನಾಗಿ ಕಡಿಮೆ.

ಕತ್ತಲೆ ಕೇಳುವ ಗಿಡಗಳು

ಹೊಸೂರು–ಕೃಷ್ಣಗಿರಿ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಸೇವಂತಿಗೆ ಹೊಲದಲ್ಲಿ ಸಾಲು ಬಲ್ಬು ಉರಿಯುವುದನ್ನು ಕಂಡಿರಬಹುದು. ಗಿಡ ಬೇಗ ಮೊಗ್ಗು ಕಟ್ಟದೆ ಉದ್ದಕ್ಕೆ ಬೆಳೆಯಲಿ ಎಂದು ರೈತರು ಬೇಕೆಂದೇ ಬೆಳಕು ಕೊಡುತ್ತಾರೆ. ನೀವು ಗೇಟಿನ ಮೇಲೆ ರಾತ್ರಿಯಿಡೀ ದೀಪ ಉರಿಸಿ ಕೆಳಗೆ ಸೇವಂತಿಗೆ ಕುಂಡ ಇಟ್ಟರೆ ನಡೆಯುವುದೂ ಅದೇ. ಮಧ್ಯರಾತ್ರಿಯ ಬೆಳಕು ಇದರಲ್ಲಿ ಹೆಚ್ಚು ಕೆಟ್ಟದ್ದು, ಸಂಜೆಯದು ಅಷ್ಟಿಲ್ಲ.

ಸೇವಂತಿಗೆಯ ಕುಡಿ ಚಿವುಟುವುದನ್ನು ಆಗಸ್ಟ್ ಕೊನೆಗೆ ನಿಲ್ಲಿಸಿ. ಸೆಪ್ಟೆಂಬರ್‌ನಿಂದ ಮೊಗ್ಗು ಬಣ್ಣ ಕಾಣಿಸುವವರೆಗೆ ಕುಂಡ ಕತ್ತಲ ಮೂಲೆಯಲ್ಲಿರಲಿ, ಅಂದರೆ ಹಗಲು ಆರು ಗಂಟೆ ಬಿಸಿಲು, ರಾತ್ರಿ ಪೂರ್ತಿ ಕತ್ತಲು. ಬಣ್ಣ ಕಂಡ ಮೇಲೆ ಗೇಟಿನ ದೀಪದ ಕೆಳಗಿಟ್ಟರೂ ಚಿಂತೆಯಿಲ್ಲ. ಮೊಗ್ಗಿನ ತೊಟ್ಟಿನಲ್ಲಿ ಕಪ್ಪು ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕಾಲು ಚಮಚ ಸೋಪಿನ ದ್ರಾವಣ. ಅರಳಿದ ಹೂವಿಗೆ ಎಣ್ಣೆ ತಾಗಿದರೆ ಕಲೆ ಬೀಳುತ್ತದೆ, ಮೊಗ್ಗಿರುವಾಗಲೇ ಮುಗಿಸಿ.

ಪಾಯಿನ್‌ಸೆಟಿಯಾ ಇನ್ನೂ ಸೂಕ್ಷ್ಮ. ಕೆಂಪಗಿರುವುದು ಹೂವಲ್ಲ, ಬಣ್ಣ ತಿರುಗಿದ ಎಲೆ. ನಡುವಿನ ಹಳದಿ ಗುಂಡುಗಳು ಹೂ. ಬೀದಿದೀಪದ ಬೆಳಕು ಬೀಳುವ ಅರ್ಧ ಗಿಡ ಹಸಿರಾಗಿಯೂ, ಗೋಡೆಯ ಮರೆಯ ಅರ್ಧ ಕೆಂಪಾಗಿಯೂ ನಿಂತಿರುವುದನ್ನು ಎಷ್ಟೋ ಮನೆಗಳ ಮುಂದೆ ನೋಡಬಹುದು. ಸೆಪ್ಟೆಂಬರ್ ಮೊದಲ ವಾರದ ನಂತರ ಇದಕ್ಕೆ ಕತ್ತರಿ ಹಾಕಬೇಡಿ. ಕುಂಡದಲ್ಲಿದ್ದು ಬೆಳಕು ತಪ್ಪಿಸಲಾಗದಿದ್ದರೆ ಸೆಪ್ಟೆಂಬರ್ ಕೊನೆಯಿಂದ ಎಂಟು ಹತ್ತು ವಾರ, ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ದೊಡ್ಡ ರಟ್ಟಿನ ಪೆಟ್ಟಿಗೆ ಕವುಚಿ. ಒಂದೆರಡು ದಿನ ಮರೆತರೆ ಬಣ್ಣ ತಡವಾಗುತ್ತದೆ, ವಾರಗಟ್ಟಲೆ ಮರೆತರೆ ಈ ವರ್ಷ ಬರುವುದಿಲ್ಲ. ಮುರಿದಾಗ ಬರುವ ಹಾಲು ಚರ್ಮಕ್ಕೆ ಉರಿ, ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಗೇಟಿಗೆ ಹಬ್ಬಿಸುವ ನಾಟಿ ಚಪ್ಪರದವರೆಯೂ ಹೀಗೇ. ಜುಲೈ–ಆಗಸ್ಟ್‌ನಲ್ಲಿ ಊರಿದರೆ ಹಗಲು ಕುಗ್ಗಿದಾಗ ನೇರಳೆ ಹೂಗೊಂಚಲು, ಮಾಗಿಯಲ್ಲಿ ಸೊಗಡಿನ ಕಾಯಿ. ಅಂಗಳಕ್ಕೆ ಇದಕ್ಕಿಂತ ಚೆಂದದ ತೋರಣ ಬೇರೆ ಬೇಕಿಲ್ಲ, ಬೀದಿದೀಪದ ಕಂಬಕ್ಕೆ ಮಾತ್ರ ಹಬ್ಬಿಸಬೇಡಿ.

ಧನುರ್ಮಾಸದ ಕುಂಬಳ ಹೂ

ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ನಮ್ಮ ಕಡೆ ರಂಗೋಲಿಯ ನಡುವೆ ಸಗಣಿ ಉಂಡೆಯಿಟ್ಟು ಕುಂಬಳ ಹೂ ಸಿಕ್ಕಿಸುತ್ತಾರೆ. ದಿನಕ್ಕೆ ಮೂರು ಹೂವಾದರೂ ತಿಂಗಳಿಗೆ ತೊಂಬತ್ತು ಬೇಕು. ಪಕ್ಕದ ಮನೆಯ ಬಳ್ಳಿ ನೆಚ್ಚಿಕೊಂಡರೆ ಜಗಳವೇ.

ಬಿತ್ತಿದ 35–45 ದಿನಕ್ಕೆ ಮೊದಲ ಗಂಡು ಹೂ ಬರುತ್ತದೆ. ಹಾಗಾಗಿ ಅಕ್ಟೋಬರ್ ಮೂರನೆಯ ವಾರ ಮೊದಲ ಗುಂಡಿ, ಅದಾದ ಹದಿನೈದು ದಿನಕ್ಕೆ ಎರಡನೆಯದು. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿಗೆ ಐದಾರು ಕಿಲೋ ಕಳಿತ ಗೊಬ್ಬರ ಹಾಕಿ, ಮಳೆನೀರು ನಿಲ್ಲದಂತೆ ಮೇಲೆ ಅರ್ಧ ಅಡಿ ದಿಬ್ಬ ಮಾಡಿ. ನಾಲ್ಕು ಬೀಜ ಊರಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಬಿಡಿ. ಯೂರಿಯಾ ಬೇಡ, ಎಲೆ ಮಾತ್ರ ಆನೆಕಿವಿಯಷ್ಟಾಗುತ್ತದೆ. ಎರಡೆಲೆ ಇರುವಾಗ ಕೆಂಪು ದುಂಬಿ ಬಂದು ಜರಡಿ ಮಾಡುತ್ತದೆ. ಬೆಳಗ್ಗೆ ಆರೂವರೆಗೆ ಚಳಿಗೆ ಅದು ಮರಗಟ್ಟಿರುತ್ತದೆ, ಹಾರುವುದಿಲ್ಲ, ಕೈಯಲ್ಲೇ ಆರಿಸಬಹುದು. ಆಮೇಲೆ ಒಣ ಬೂದಿ ಎರಚಿ.

ಕೀಳುವಾಗ ಹೂವಿನ ಬುಡ ನೋಡಿ. ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇದ್ದರೆ ಹೆಣ್ಣು, ಅದನ್ನು ಮುಟ್ಟಬೇಡಿ. ಬರೀ ಉದ್ದ ತೊಟ್ಟಿದ್ದರೆ ಗಂಡು. ಬಳ್ಳಿಯಲ್ಲಿ ಗಂಡು ಹೂವೇ ಹೆಚ್ಚು, ದಿನಕ್ಕೆರಡು ಬಿಟ್ಟು ಉಳಿದದ್ದು ಕೊಯ್ದರೆ ಕಾಯಿಗೂ ತೊಂದರೆಯಿಲ್ಲ. ಹೂ ನಸುಕಿಗೆ ಅರಳಿ ಹತ್ತು ಗಂಟೆಯೊಳಗೆ ಮುದುಡುತ್ತದೆ. ಮೂರಿಂಚು ತೊಟ್ಟು ಬಿಟ್ಟು ಕತ್ತರಿಸಿ. ಸಗಣಿ ಉಂಡೆ ಒದ್ದೆಯಾಗಿರುವಾಗಲೇ ತೊಟ್ಟು ಆಳಕ್ಕೆ ಚುಚ್ಚಿದರೆ ಹೂ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತದೆ.

ದೀಪದ ಸರ, ತಂತಿ

ಇಬ್ಬನಿ ಮಳೆಯಷ್ಟೇ ಒದ್ದೆ. ಮಳೆ ನಿಂತಿತಲ್ಲ ಎಂದು ಒಳಾಂಗಣದ ಸರವನ್ನು ಹೊರಗೆ ಕಟ್ಟಿದಾಗಲೇ ಶಾಕ್ ಹೊಡೆಯುವುದು. ಡಬ್ಬಿಯ ಮೇಲೆ ಐಪಿ ಸಂಖ್ಯೆ (ಧೂಳು, ನೀರು ಎಷ್ಟು ತಡೆಯುತ್ತದೆ ಎಂಬ ಗುರುತು) ನೋಡಿ. ಐಪಿ 20 ಎಂದಿದ್ದರೆ ಮನೆಯೊಳಗೆ ಮಾತ್ರ. ಸೂರಿನ ಕೆಳಗೆ ಐಪಿ 44, ಬಯಲಿಗೆ ಐಪಿ 65. ಸಂಖ್ಯೆಯೇ ಇಲ್ಲದ್ದು ಒಳಾಂಗಣದ್ದೇ ಎಂದು ತಿಳಿಯಿರಿ. ಗಿಡದ ನಡುವೆ ಕಟ್ಟುವುದಾದರೆ 12 ಅಥವಾ 24 ವೋಲ್ಟ್ ಅಡಾಪ್ಟರಿನ ಎಲ್ಇಡಿ ಸರ ತನ್ನಿ, ಅಡಾಪ್ಟರ್ ಜಗುಲಿಯೊಳಗಿರಲಿ.

ಪ್ಲಗ್ಗಿಗೆ ಹೋಗುವ ತಂತಿ ಗೋಡೆಯ ತೂತಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ಇಬ್ಬನಿ ನೀರು ತಂತಿಗುಂಟ ಹರಿದು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಜಾಯಿಂಟು ನೆಲಕ್ಕೆ ತಾಗಬಾರದು. ಬರೀ ಟೇಪು ಸುತ್ತಿದ ಜಾಯಿಂಟು ಹೊರಗೆ ಬೇಡವೇ ಬೇಡ. ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಸುವ ಸ್ವಿಚ್) ಇದೆಯೇ ಎಂದು ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿ ಕರೆಂಟ್ ಬೀಳುತ್ತದೆಯೇ ಪರೀಕ್ಷಿಸಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಸರ ಹಾಕಬೇಡಿ. ಒಂದರ ತುದಿಗೊಂದು ಎಷ್ಟು ಸರ ಸೇರಿಸಬಹುದು ಎಂಬುದು ಡಬ್ಬಿಯ ಮೇಲಿರುತ್ತದೆ, ಅದನ್ನು ದಾಟಿದರೆ ಮೊದಲ ಸರದ ತಂತಿ ಬಿಸಿಯಾಗುತ್ತದೆ.

ಕೊಂಬೆಗೆ ಸರವನ್ನು ಬಿಗಿಯಾಗಿ ಸುತ್ತದೆ ಹತ್ತಿ ದಾರದಲ್ಲಿ ಸಡಿಲ ಗಂಟು ಹಾಕಿ. ಟೈಮರ್ ಇಟ್ಟು ಸಂಜೆ ಆರೂವರೆಗೆ ಹೊತ್ತಿಸಿ, ರಾತ್ರಿ ಒಂಬತ್ತೂವರೆಗೆ ಆರಿಸಿ. ರಾತ್ರಿಯಿಡೀ ಉರಿದರೆ ನೋಡುವವರು ಯಾರು? ಗಿಡಕ್ಕೂ ನಿದ್ದೆಯಿಲ್ಲ. ಕ್ರಿಸ್‌ಮಸ್ ಗಿಡವೆಂದು ನರ್ಸರಿಯಲ್ಲಿ ಮಾರುವ ಅರೌಕೇರಿಯಾದ ನಡುತುದಿ ಮುರಿದರೆ ಗಿಡದ ಆಕಾರವೇ ಕೆಡುತ್ತದೆ. ನಕ್ಷತ್ರವನ್ನು ಅದಕ್ಕೆ ಕಟ್ಟದೆ ಪಕ್ಕದಲ್ಲಿ ಒಂದು ಬಿದಿರುಗಳ ನೆಟ್ಟು ಅದಕ್ಕೆ ಕಟ್ಟಿ.

ಮಣ್ಣಿನ ಹಣತೆಗಳನ್ನು ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿಟ್ಟು ಒಣಗಿಸಿ, ಎಣ್ಣೆ ಕಡಿಮೆ ಹೀರುತ್ತವೆ. ಕಾರ್ತಿಕದ ಗಾಳಿಗೆ ಹಣತೆಯ ಸುತ್ತ ಮೂರಿಂಚು ಎತ್ತರದ ಮರೆ ಸಾಕು, ಮರಳು ತುಂಬಿದ ಅಗಲ ಕುಂಡದೊಳಗಿಟ್ಟರೂ ಆದೀತು. ಒಣ ತರಗು, ಸೋಗೆ, ನೆರಳು ಬಲೆಯಿಂದ ಮೂರಡಿ ದೂರವಿರಲಿ.

ರಂಗೋಲಿ ಹಾಕುವ ಜಾಗ ಪಾತಿಗಿಂತ ತಗ್ಗಿನಲ್ಲಿರಲಿ. ಬಣ್ಣದ ಪುಡಿಗೆ ಉಪ್ಪು ಬಳಸಿದ್ದರೆ ತೊಳೆದ ನೀರು ಹರಿದ ಕಡೆ ಗಿಡ ಸುಡುತ್ತದೆ. ಕಲ್ಲುಪುಡಿ ಪಾತಿಗೆ ಬಿದ್ದರೆ ಮೇಲ್ಮಣ್ಣು ಗಾರೆಯಂತೆ ಕಟ್ಟುತ್ತದೆ. ಗುಡಿಸಿದ್ದನ್ನು ಬುಟ್ಟಿಗೆ ಹಾಕಿ. ಇಬ್ಬನಿಗೆ ಬಣ್ಣ ಗಂಟಾಗುವುದಾದರೆ ಕಾಲು ಪಾಲು ಜರಡಿ ಹಿಡಿದ ಒಣ ಮರಳು ಬೆರೆಸಿ.

ನೀಲಗಿರಿಯ ಮೇಲಿದ್ದರೆ

ಊಟಿ ಸುತ್ತಮುತ್ತ ಡಿಸೆಂಬರ್–ಜನವರಿಯಲ್ಲಿ ಹೆಪ್ಪುಮಂಜು ನಿಜವಾಗಿ ಬೀಳುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯೇ ಅಪಾಯ. ಶೀತ ಗಾಳಿ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ, ಹಾಗಾಗಿ ಅಂಗಳದ ತಳದ ಕುಂಡಗಳನ್ನು ಮೊದಲು ಗೋಡೆಯ ಪಕ್ಕಕ್ಕೆ ಎತ್ತಿಡಿ. ನೆಲದ ಗಿಡಕ್ಕೆ ಮಧ್ಯಾಹ್ನವೇ ನೀರು ಕೊಡಿ, ಒದ್ದೆ ಮಣ್ಣು ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ನಾಲ್ಕು ಕೋಲು ನೆಟ್ಟು ಹಳೆ ಸೀರೆ ಅಥವಾ ಗೋಣಿ ನೆಲದವರೆಗೆ ಹೊದೆಸಿ. ಬಟ್ಟೆ ಎಲೆಗೆ ತಾಗಬಾರದು, ಪ್ಲಾಸ್ಟಿಕ್ ತಾಗಿದರಂತೂ ಆ ಎಲೆ ಸುಟ್ಟಂತೆಯೇ. ಬಿಸಿಲು ಬಂದ ಮೇಲೆ ತೆಗೆಯಿರಿ. ಕಪ್ಪಾದ ತುದಿಗಳನ್ನು ಕೂಡಲೇ ಕತ್ತರಿಸಬೇಡಿ. ಕತ್ತರಿಸಿದರೆ ಹೊಸ ಚಿಗುರು ಬಂದು ಮುಂದಿನ ಮಂಜಿಗೆ ಅದೂ ಹೋಗುತ್ತದೆ. ಫೆಬ್ರವರಿ ಕೊನೆವರೆಗೆ ಕಾಯಿರಿ.

ಜನವರಿ ಕಳೆದ ಮೇಲೆ

ಜನವರಿಯಲ್ಲಿ ಚಳಿಯಿದ್ದರೂ ಗಾಳಿ ಒಣ. ಕುಂಡದ ಮೇಲ್ಮೈ ಒದ್ದೆ ಕಂಡರೂ ಒಳಗೆ ಒಣಗಿರುತ್ತದೆ, ಎರಡಿಂಚು ಬೆರಳು ತೂರಿಸಿ ನೋಡಿಯೇ ನೀರು ಹಾಕಿ. ಮೊದಲ ಸುತ್ತು ಹೂ ಮುಗಿದ ಪೆಟೂನಿಯಾವನ್ನು ಮೂರನೆಯ ಒಂದು ಪಾಲು ಕತ್ತರಿಸಿದರೆ ಮಾರ್ಚ್‌ವರೆಗೆ ಮತ್ತೆ ಬಿಡುತ್ತದೆ. ಸೇವಂತಿಗೆ ಮುಗಿದ ಮೇಲೆ ನೆಲದಿಂದ ಐದಾರು ಇಂಚಿಗೆ ಕತ್ತರಿಸಿ, ಬುಡದಿಂದ ಬರುವ ಕುಡಿಗಳನ್ನು ಬಿಡಿಸಿ ಬೇರೆ ಕುಂಡಕ್ಕೆ ನೆಡಿ. ನಾಟಿ ಚೆಂಡುಹೂವಿನ ದೊಡ್ಡ ಹೂ ಐದಾರನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ತೆಗೆಯಿರಿ. ಹೈಬ್ರಿಡ್ ಪೊಟ್ಟಣದ್ದಾದರೆ ಆ ಶ್ರಮ ಬೇಡ, ಮರಿ ತಾಯಿಯಂತಿರುವುದಿಲ್ಲ. ದೀಪದ ಸರವನ್ನು ಬಿಸಿಲಲ್ಲಿ ಒಂದು ದಿನ ಒಣಗಿಸಿ, ರಟ್ಟಿನ ತುಂಡಿಗೆ ಸಡಿಲವಾಗಿ ಸುತ್ತಿ, ಇಲಿ ಬಾರದ ಡಬ್ಬಿಗೆ ಹಾಕಿಡಿ.